ಬಾಯಿ ಮೊದಲೇ ಹೇಳಿತ್ತು

ನಮ್ಮ ಕಡೆ ಅಡಿಕೆ ಸುಲಿಯುವ ಕಾಲದಲ್ಲಿ ಕೈಯಲ್ಲಿ ಬೊಬ್ಬೆ ಏಳುವುದನ್ನು ಯಾರೂ ಕಾಯಿಲೆ ಎನ್ನುವುದಿಲ್ಲ. ರಾತ್ರಿ ಹತ್ತರವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತವರ ಹೆಬ್ಬೆರಳಿನ ಬುಡದಲ್ಲಿ ನೀರು ತುಂಬಿ ಗುಳ್ಳೆ ಎದ್ದರೆ, ಅದಕ್ಕೆ ಕೊಬ್ಬರಿ ಎಣ್ಣೆ ಸವರಿ, ಹಳೆಯ ಬಟ್ಟೆಯ ಚೂರು ಸುತ್ತಿಕೊಂಡು ಮರುದಿನ ಮತ್ತೆ ಕೂರುತ್ತಾರೆ. ಬೊಬ್ಬೆ, ಗುಳ್ಳೆ, ನೀರ್ಗುಳ್ಳೆ, ಬೊಕ್ಕೆ ಎಂದು ಚರ್ಮದ ಮೇಲೆ ಏಳುವುದಕ್ಕೆ ನಮ್ಮಲ್ಲಿ ನಾಲ್ಕಾರು ಹೆಸರುಗಳಿವೆ. ಅವುಗಳಲ್ಲಿ ಬೊಬ್ಬೆ ಎಂಬುದಕ್ಕೆ ಕೂಗು ಎಂಬ ಅರ್ಥವೂ ಇದೆ. ಬಾಯಿಯ ಒಳಗೆ ಏನೇ ಆದರೂ ಇರುವುದು ಒಂದೇ ಹೆಸರು, ಬಾಯಿಹುಣ್ಣು. ಮೂರು ದಿನದಲ್ಲಿ ತಾನಾಗಿ ಮಾಯುವುದೂ ಅದೇ, ಮೂರು ತಿಂಗಳಾದರೂ ಮಾಯದೇ ಇರುವುದೂ ಅದೇ. 2013ರ ಅಡಿಕೆ ಕೊಯ್ಲಿನ ಹೊತ್ತಿಗೆ ಅಮ್ಮನಿಗೆ ಶುರುವಾದ ತೊಂದರೆಯನ್ನು ನಾವು ಐದು ತಿಂಗಳು ಇದೇ ಹೆಸರಿನಿಂದ ಕರೆದೆವು.

ಅಮ್ಮನಿಗೆ ಆಗ ನಲವತ್ತೇಳು ವರ್ಷ. ತೀರ್ಥಹಳ್ಳಿಯ ಕಡೆಯ ನಮ್ಮ ಮನೆಯಲ್ಲಿ ಹುಣ್ಣಿಗೆ ಮೊದಲ ಕಾರಣ ಯಾವಾಗಲೂ ಉಷ್ಣವೇ. ಹಾಗಾಗಿ ಎಳನೀರು, ಗಸಗಸೆ ಪಾಯಸ, ರಾತ್ರಿ ನೆನೆಹಾಕಿದ ಮೆಂತ್ಯ, ಪೇರಳೆಯ ಚಿಗುರು ಜಗಿಯುವುದು, ತುಪ್ಪ, ಜೇನು ಎಲ್ಲವೂ ಸರದಿಯಂತೆ ನಡೆದವು. ಅಮ್ಮ ಎಲೆ ಅಡಿಕೆ ಹಾಕುವವಳಾದ್ದರಿಂದ ಎರಡನೆಯ ಕಾರಣವೂ ಸುಲಭವಾಗಿ ಸಿಕ್ಕಿತು. ಪೇಟೆಯ ಹಲ್ಲಿನ ಡಾಕ್ಟರು ಬಾಯಿ ತೆರೆಸಿದವರೇ ಕೇಳಿದ ಮೊದಲ ಪ್ರಶ್ನೆ ಅದು. ಅಡಿಕೆ ಬೆಳೆಯುವ ಸೀಮೆಯಲ್ಲಿ ಬಾಯಿಯ ಗಾಯ ಎಂದರೆ ಎಲ್ಲರ ಮನಸ್ಸೂ ಕ್ಯಾನ್ಸರಿನ ಕಡೆಗೆ ಓಡುವುದು ತಪ್ಪಲ್ಲ. ಆದರೆ ಆ ಭಯ ಹುಸಿಯಾದ ಮೇಲೆ ಉಳಿದದ್ದು ಸಮಾಧಾನವೇ ಹೊರತು ಮುಂದಿನ ಪ್ರಶ್ನೆಯಲ್ಲ. ಚೂಪಾಗಿದ್ದ ಒಂದು ದವಡೆ ಹಲ್ಲನ್ನು ಉಜ್ಜಿ ಮೊಂಡು ಮಾಡಿ, ಬಿ ಕಾಂಪ್ಲೆಕ್ಸ್ ಮಾತ್ರೆ ಬರೆದುಕೊಟ್ಟು ಕಳುಹಿಸಿದರು. ಅಮ್ಮ ಎಲೆ ಅಡಿಕೆಯ ಹರಿವಾಣವನ್ನು ಅಟ್ಟಕ್ಕೆ ಏರಿಸಿದಳು. ಹುಣ್ಣು ಹಾಗೆಯೇ ಇತ್ತು.

ಈಗ ಹಿಂದಿರುಗಿ ನೋಡಿದರೆ, ಆ ಐದು ತಿಂಗಳ ರೋಗಲಕ್ಷಣಗಳೆಲ್ಲ ಅವಳ ಊಟದ ತಟ್ಟೆಯಲ್ಲೇ ಬರೆದಿಟ್ಟಂತಿದ್ದವು ಎನಿಸುತ್ತದೆ. ಮೊದಲು ಖಾರ ಬಿಟ್ಟಳು, ಆಮೇಲೆ ಹುಳಿ ಬಿಟ್ಟಳು. ಆಮೇಲೆ ದೋಸೆಯ ಗರಿಗರಿಯಾದ ಅಂಚನ್ನು ಮುರಿದು ಪಕ್ಕಕ್ಕೆ ಇಡತೊಡಗಿದಳು. ಕೊನೆಗೊಂದು ದಿನ ಮಜ್ಜಿಗೆ ಅನ್ನದ ಒಗ್ಗರಣೆಯಿಂದ ಸಾಸಿವೆ ಕಾಳುಗಳನ್ನು ಒಂದೊಂದಾಗಿ ಬೆರಳಿನಿಂದ ಹೆಕ್ಕಿ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸುತ್ತಿದ್ದುದನ್ನು ಕಂಡೆ. ಸಾಸಿವೆ ಕಾಳು ಕೂಡ ಚುಚ್ಚುವ ಬಾಯಿ ಅದು. ಹಲ್ಲುಜ್ಜಿದರೆ ವಸಡಿನಿಂದ ತೆಳುವಾದ ಬಿಳಿ ಪೊರೆಯೊಂದು ಸುಲಿದು ಬರುತ್ತಿತ್ತು, ಹಾಲು ಕಾದಾಗ ಮೇಲೆ ಕಟ್ಟುವ ಕೆನೆಯ ಹಾಗೆ. ಸಾಮಾನ್ಯ ಬಾಯಿಹುಣ್ಣು ದುಂಡಗೆ, ಹಳದಿ ತಳದೊಂದಿಗೆ, ಸುತ್ತ ಕೆಂಪು ಅಂಚು ಕಟ್ಟಿಕೊಂಡು ಕೂರುತ್ತದೆ. ಒಂದೆರಡು ವಾರದಲ್ಲಿ ಮಾಯುತ್ತದೆ. ಅಮ್ಮನದು ಹಾಗಿರಲಿಲ್ಲ. ಕೆನ್ನೆಯ ಒಳಭಾಗ, ಅಂಗುಳ, ವಸಡು ಎಲ್ಲ ಕಡೆಯೂ ಅಂಕುಡೊಂಕಾದ ಹಸಿ ಗಾಯಗಳು, ಬಿಸಿ ತಗುಲಿ ಸಿಪ್ಪೆ ಎದ್ದುಹೋದಂತೆ. ಗುಳ್ಳೆ ಎಂಬುದನ್ನು ಮಾತ್ರ ನಾವು ಒಂದು ದಿನವೂ ಅಲ್ಲಿ ನೋಡಲಿಲ್ಲ. ಬಾಯಿಯಲ್ಲಿ ಗುಳ್ಳೆಯ ಮೇಲ್ಪದರ ಎಷ್ಟು ತೆಳುವೆಂದರೆ, ಎದ್ದ ಸ್ವಲ್ಪ ಹೊತ್ತಿಗೆ ನಾಲಗೆಯೋ ಅನ್ನದ ಅಗುಳೋ ತಾಗಿ ಒಡೆದಿರುತ್ತದೆ. ಗುಳ್ಳೆಯ ಕಾಯಿಲೆಯಲ್ಲಿ ಗುಳ್ಳೆಯೇ ಕಣ್ಣಿಗೆ ಬೀಳದಿದ್ದರೆ ಅದನ್ನು ಹಾಗೆಂದು ಗುರುತಿಸುವುದು ಹೇಗೆ?

ಕಾಯಿಲೆಯ ಹೆಸರು ಪೆಂಫಿಗಸ್ ವಲ್ಗ್ಯಾರಿಸ್. ಪೆಂಫಿಕ್ಸ್ ಎಂದರೆ ಗ್ರೀಕ್ ಭಾಷೆಯಲ್ಲಿ ಗುಳ್ಳೆ; ವಲ್ಗ್ಯಾರಿಸ್ ಎಂದರೆ ಲ್ಯಾಟಿನ್‌ನಲ್ಲಿ ಸಾಮಾನ್ಯವಾದದ್ದು. ಅಪರೂಪದ ಕಾಯಿಲೆಯೊಂದು ಹೆಸರಿನಲ್ಲೇ ತನ್ನನ್ನು ಸಾಮಾನ್ಯ ಎಂದು ಕರೆದುಕೊಂಡಿರುವುದು ಹೆಸರಿಟ್ಟವರ ತಮಾಷೆಯೇನಲ್ಲ. ಪೆಂಫಿಗಸ್ ಗುಂಪಿನೊಳಗೆ ಹೆಚ್ಚಾಗಿ ಕಾಣಿಸುವುದು ಇದು ಎಂದಷ್ಟೇ ಅದರ ಅರ್ಥ. ದೇಹವನ್ನು ಸೋಂಕಿನಿಂದ ಕಾಯಬೇಕಾದ ಪ್ರತಿಕಾಯಗಳು ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆಗಳ ಜಾತಿಗೆ ಸೇರಿದ್ದು ಇದು. ಚರ್ಮದ ಮೇಲ್ಪದರದಲ್ಲಿ ಜೀವಕೋಶಗಳು ಒಂದಕ್ಕೊಂದು ಅಂಟಿಕೊಂಡಿರಲು ಡೆಸ್ಮೋಗ್ಲೀನ್ ಎಂಬ ಪ್ರೋಟೀನುಗಳು ಬೇಕು. ಪೆಂಫಿಗಸ್‌ನಲ್ಲಿ ಪ್ರತಿಕಾಯಗಳು ಆ ಡೆಸ್ಮೋಗ್ಲೀನನ್ನೇ ಶತ್ರುವೆಂದು ಹಿಡಿಯುತ್ತವೆ. ಹಿಡಿತ ತಪ್ಪಿದ ಜೀವಕೋಶಗಳು ಒಂದರಿಂದೊಂದು ಬಿಟ್ಟುಕೊಳ್ಳುತ್ತವೆ, ಆ ಸಂದಿಗೆ ನೀರು ತುಂಬಿಕೊಳ್ಳುತ್ತದೆ.

ಅದು ಬಾಯಿಯಲ್ಲೇ ಏಕೆ ಶುರುವಾಗಬೇಕು ಎಂಬುದನ್ನು ಅಮ್ಮನಿಗೆ ವಿವರಿಸಲು ನಾನು ಅವಳ ಕೌದಿಯನ್ನೇ ಬಳಸಿದೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಅವಳು ಹೊಲಿಯುವ ಕೌದಿಯಲ್ಲಿ ಕೆಲವೆಡೆ ಎರಡೆಳೆ ದಾರ, ಕೆಲವೆಡೆ ಒಂದೇ ಎಳೆ. ಚರ್ಮ ಎರಡೆಳೆಯ ಹೊಲಿಗೆಯದು: ಡೆಸ್ಮೋಗ್ಲೀನ್ 1 ಮತ್ತು ಡೆಸ್ಮೋಗ್ಲೀನ್ 3. ಬಾಯಿಯ ಒಳಪೊರೆಯನ್ನು ಹೆಚ್ಚುಕಡಿಮೆ ಡೆಸ್ಮೋಗ್ಲೀನ್ 3 ಎಂಬ ಒಂದೇ ಎಳೆ ಹಿಡಿದಿಟ್ಟಿರುತ್ತದೆ. ಪ್ರತಿಕಾಯಗಳು ಮೊದಲು ಮೂರನೆಯದನ್ನು ಮಾತ್ರ ಕತ್ತರಿಸಿದಾಗ ಚರ್ಮ ಇನ್ನೊಂದು ಎಳೆಯ ಬಲದಿಂದ ನಿಲ್ಲುತ್ತದೆ, ಬಾಯಿ ಬಿಚ್ಚಿಕೊಳ್ಳುತ್ತದೆ. ತಿಂಗಳುಗಳ ನಂತರ ಒಂದನೆಯದಕ್ಕೂ ಪ್ರತಿಕಾಯ ಹುಟ್ಟಿದರೆ ಚರ್ಮವೂ ಬಿಡುತ್ತದೆ. ಒಂದನೆಯದಕ್ಕೆ ಮಾತ್ರ ಪ್ರತಿಕಾಯ ಇರುವ ಪೆಂಫಿಗಸ್ ಫೋಲಿಯೇಸಿಯಸ್ ಎಂಬ ಇನ್ನೊಂದು ಬಗೆಯಲ್ಲಿ ಚರ್ಮ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ, ಬಾಯಿ ಮಾತ್ರ ಚೆನ್ನಾಗಿಯೇ ಇರುತ್ತದೆ. ಅಮ್ಮ ಎಲ್ಲವನ್ನೂ ಕೇಳಿ, "ಅಂದ್ರೆ ಬಾಯಿ ಮೊದ್ಲೇ ಹೇಳಿತ್ತು, ನಾವು ಕೇಳ್ಲಿಲ್ಲ" ಎಂದಳು. ಪೆಂಫಿಗಸ್ ವಲ್ಗ್ಯಾರಿಸ್ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಬಾಯಿಯೇ ಮೊದಲು ಹೇಳುತ್ತದೆ.

2014ರ ಮೇ ತಿಂಗಳ ಸೆಕೆಯಲ್ಲಿ ಚರ್ಮ ಬಿಟ್ಟುಕೊಂಡಿತು. ಮೊದಲ ಗುಳ್ಳೆಗಳು ಎದ್ದದ್ದು ಲಂಗದ ಲಾಡಿ ಕಟ್ಟುವ ಸೊಂಟದ ಸುತ್ತ, ಆಮೇಲೆ ಬೆನ್ನಿನಲ್ಲಿ, ನೆತ್ತಿಯಲ್ಲಿ. ಸೊಂಟದ ಸುತ್ತ ಎದ್ದದ್ದೇ ತಡ, ನೆರೆಮನೆಯವರು ಸರ್ಪಸುತ್ತು ಎಂದು ತೀರ್ಮಾನಿಸಿದರು. ಕೆಮ್ಮಣ್ಣು ಅರೆದು ಹಚ್ಚಿದ್ದಾಯಿತು. ಸರ್ಪಸುತ್ತು ಬೇರೆಯೇ ಕಾಯಿಲೆ. ಸೀತಾಳೆ ಸಿಡುಬಿನ ವೈರಸ್ ಬಹಳ ವರ್ಷ ನರದ ಬುಡದಲ್ಲಿ ಅಡಗಿದ್ದು ಮತ್ತೆ ಎದ್ದಾಗ, ಮೈಯ ಒಂದೇ ಬದಿಯಲ್ಲಿ ಪಟ್ಟಿಯಂತೆ ಬರುವಂಥದ್ದು ಅದು. ಅಮ್ಮನ ಗುಳ್ಳೆಗಳಿಗೆ ಎಡ ಬಲದ ಭೇದವಿರಲಿಲ್ಲ. ಮೈ ಸುಲಿಯುತ್ತಿದೆ ಎಂದರೆ ನಮ್ಮಲ್ಲಿ ನಾಗದೋಷದ ಮಾತು ಬರದೇ ಇರದು. ಹಾವು ಪೊರೆ ಕಳಚುವುದನ್ನು ಕಂಡವರಿಗೆ ಆ ಹೋಲಿಕೆ ಹೊಳೆಯುವುದು ಸಹಜವೇ. ಕುಕ್ಕೆಗೆ ಹೋಗಿ ಸೇವೆ ಮಾಡಿಸಿಕೊಂಡು ಬಂದೆವು. ಅದರ ಬಗ್ಗೆ ನನಗೆ ತಕರಾರಿಲ್ಲ, ಅಮ್ಮನಿಗೆ ಅದರಿಂದ ಧೈರ್ಯ ಬಂದದ್ದು ನಿಜ. ನನ್ನ ತಕರಾರಿರುವುದು ಸೇವೆಯ ದಿನಕ್ಕೆ ಕಾಯುತ್ತ ಆಸ್ಪತ್ರೆಗೆ ಹೋಗದೆ ಕಳೆದ ಮೂರು ವಾರದ ಬಗ್ಗೆ, ಅದೂ ನನ್ನ ಮೇಲೆಯೇ.

ಅದಕ್ಕಿಂತ ಹೆಚ್ಚಿನ ಹೊತ್ತು ಹಾಳಾದದ್ದು ಒಂದು ಪರೀಕ್ಷೆಯ ಕಾರಣದಿಂದ. ಹತ್ತಿರದ ಊರಿನ ಒಂದು ಆಸ್ಪತ್ರೆಯಲ್ಲಿ ಬಾಯಿಯ ಗಾಯದಿಂದ ಬಯಾಪ್ಸಿಗೆ ಚೂರು ತೆಗೆದಿದ್ದರು. ಗಾಯದ ನಟ್ಟನಡುವಿನಿಂದ ತೆಗೆದ ಆ ಚೂರಿನ ವರದಿಯಲ್ಲಿ, ನಿರ್ದಿಷ್ಟ ಲಕ್ಷಣಗಳಿಲ್ಲದ ಹುಣ್ಣು ಎಂದಷ್ಟೇ ಬಂತು. ಮೇಲ್ಪದರವೇ ಹಾರಿಹೋದ ಜಾಗದಲ್ಲಿ ಮೇಲ್ಪದರದ ಕಾಯಿಲೆಯನ್ನು ಹುಡುಕಿದರೆ ಇನ್ನೇನು ಬಂದೀತು? ಮನೆ ಬಿದ್ದುಹೋದ ಅಡಿಪಾಯವನ್ನು ನೋಡಿ ಚಾವಣಿ ಎಲ್ಲಿ ಸೋರುತ್ತಿತ್ತು ಎಂದು ಹೇಳಲಾಗದು. ಆದರೂ ಆ ಹಾಳೆ ನಮ್ಮ ಕೈಯಲ್ಲಿದ್ದಷ್ಟು ದಿನ, ಬಯಾಪ್ಸಿಯಲ್ಲೇ ಏನೂ ಇಲ್ಲವಲ್ಲ ಎಂದು ಎಲ್ಲರೂ ನಂಬಿದ್ದೆವು.

ಕೊನೆಗೆ ಆಗುಂಬೆ ಘಾಟಿ ಇಳಿದು ಕರಾವಳಿಯ ಒಂದು ದೊಡ್ಡ ಆಸ್ಪತ್ರೆಗೆ ಹೋದೆವು. ಘಾಟಿಯ ತಿರುವುಗಳಲ್ಲಿ ಅಮ್ಮ ಸೀಟಿಗೆ ಒರಗದೆ, ಮುಂದಿನ ಸೀಟಿನ ಕಂಬಿ ಹಿಡಿದು ನೆಟ್ಟಗೆ ಕುಳಿತಿದ್ದಳು. ಚರ್ಮರೋಗ ವಿಭಾಗದ ಹಿರಿಯ ಡಾಕ್ಟರಮ್ಮ ಕಾಗದಪತ್ರ ಬಿಡಿಸುವ ಮೊದಲೇ ಬೆನ್ನಿನ ಒಂದು ಗುಳ್ಳೆಯ ಪಕ್ಕದ, ನೋಡಲು ಸರಿಯಾಗಿಯೇ ಇದ್ದ ಚರ್ಮದ ಮೇಲೆ ಹೆಬ್ಬೆರಳು ಊರಿ ಮೆಲ್ಲಗೆ ಬದಿಗೆ ಸರಿಸಿದರು. ನೆನೆಸಿದ ಬಾದಾಮಿಯ ಸಿಪ್ಪೆ ಜಾರುವಂತೆ ಚರ್ಮ ಜಾರಿತು. ಅವರು ಕೈ ತೆಗೆದು, "ಅಮ್ಮಾ, ಬಾಯಲ್ಲಿ ಎಷ್ಟು ದಿನದಿಂದ ಇತ್ತು?" ಎಂದು ಕೇಳಿದರು. ನಾವು ಬಾಯಿಯ ವಿಷಯ ಇನ್ನೂ ಎತ್ತಿಯೇ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಪ್ಯೋತರ್ ನಿಕೋಲ್ಸ್ಕಿ ಎಂಬ ವೈದ್ಯ ಈ ಲಕ್ಷಣವನ್ನು ವಿವರಿಸಿದ. ಅದು ಇಂದಿಗೂ ಅವನ ಹೆಸರಿನಲ್ಲೇ ಇದೆ. ಅದಕ್ಕೆ ಯಂತ್ರ ಬೇಡ, ಹೆಬ್ಬೆರಳೊಂದು ಸಾಕು.

ಅಲ್ಲಿ ಎರಡು ಚೂರು ತೆಗೆದರು. ಹೊಸ ಗುಳ್ಳೆಯ ಅಂಚಿನದು ಫಾರ್ಮಲಿನ್ ಬಾಟಲಿಗೆ ಹೋಯಿತು. ಗುಳ್ಳೆಯ ಪಕ್ಕದ ಸರಿಯಾದ ಚರ್ಮದ ಚೂರು ಬೇರೆಯೇ ದ್ರವವಿದ್ದ ಬಾಟಲಿಗೆ ಹೋಯಿತು. ಎರಡನೆಯದನ್ನು ಫಾರ್ಮಲಿನ್‌ಗೆ ಹಾಕಿದರೆ ಹುಡುಕಬೇಕಾದ ಗುರುತು ಅಲ್ಲಿಯೇ ಅಳಿಸಿಹೋಗುತ್ತದೆ. ಮೊದಲನೆಯದರಲ್ಲಿ, ತಳದ ಸಾಲಿನ ಜೀವಕೋಶಗಳು ನೆಲ ಕಚ್ಚಿ ನಿಂತಿದ್ದವು, ಅವುಗಳ ಮೇಲಿನವು ಬಿಟ್ಟು ತೇಲುತ್ತಿದ್ದವು. ಪುಸ್ತಕಗಳು ಆ ಸಾಲನ್ನು ಗೋರಿಕಲ್ಲುಗಳ ಸಾಲಿಗೆ ಹೋಲಿಸುತ್ತವೆ. ಎರಡನೆಯದನ್ನು ಇಮ್ಯುನೋಫ್ಲೋರೆಸೆನ್ಸ್ ಎಂಬ ಪರೀಕ್ಷೆಗೆ ಒಳಪಡಿಸಿದಾಗ, ಪ್ರತಿಕಾಯಗಳು ಪ್ರತಿ ಜೀವಕೋಶದ ಸುತ್ತ ಅಂಟಿಕೊಂಡಿರುವುದು ಕತ್ತಲೆಯಲ್ಲಿ ಹಸಿರಾಗಿ ಹೊಳೆಯುತ್ತದೆ. ಕಿರಿಯ ಡಾಕ್ಟರೊಬ್ಬರು ನನಗೆ ಅದನ್ನು ಪರದೆಯ ಮೇಲೆ ತೋರಿಸಿದರು. ಮೀನಿನ ಬಲೆಯೊಂದನ್ನು ಹರಡಿ ಹಿಂದಿನಿಂದ ಹಸಿರು ದೀಪ ಹಿಡಿದಂತಿತ್ತು. ಐದಾರು ತಿಂಗಳು ಅಮ್ಮನನ್ನು ಉಪವಾಸ ಕೆಡವಿದ್ದು ಇಷ್ಟು ಚೆಂದ ಕಾಣಬಾರದಿತ್ತು ಎಂದು ಸಿಟ್ಟು ಬಂತು.

ಈ ಹಸಿರು ಬಲೆಗೆ ದೊಡ್ಡ ಚರಿತ್ರೆಯೇನೂ ಇಲ್ಲ. ಗುಳ್ಳೆಯ ಕಾಯಿಲೆಗಳೆಲ್ಲ ಒಂದೇ ಅಲ್ಲ, ಪೆಂಫಿಗಸ್ ಬೇರೆ ಪೆಂಫಿಗಾಯ್ಡ್ ಬೇರೆ ಎಂದು ವಾಲ್ಟರ್ ಲಿವರ್ ಸ್ಪಷ್ಟವಾಗಿ ವಿಂಗಡಿಸಿದ್ದು 1953ರಲ್ಲಿ. ರೋಗಿಗಳ ರಕ್ತದಲ್ಲಿ ತಮ್ಮ ಚರ್ಮದ ವಿರುದ್ಧವೇ ಪ್ರತಿಕಾಯಗಳಿವೆ ಎಂದು ಬ್ಯೂಟ್ನರ್ ಮತ್ತು ಜೋರ್ಡನ್ ತೋರಿಸಿದ್ದು 1964ರಲ್ಲಿ. ಆ ಪ್ರತಿಕಾಯಗಳು ಹುಡುಕಿಕೊಂಡು ಹೋಗುವ ಪ್ರೋಟೀನು ಯಾವುದು ಎಂಬುದು ಜಪಾನಿನ ಮಸಾಯುಕಿ ಅಮಗಾಯ್ ಮತ್ತು ಅಮೆರಿಕದ ಜಾನ್ ಸ್ಟ್ಯಾನ್ಲಿ ಅವರ ಕೆಲಸದಿಂದ ಗೊತ್ತಾದದ್ದು 1991ರಲ್ಲಿ, ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ. 1950ರ ದಶಕದಲ್ಲಿ ಸ್ಟಿರಾಯ್ಡ್ ಕೈಗೆ ಬರುವವರೆಗೆ ಈ ಕಾಯಿಲೆ ಬಂದವರಲ್ಲಿ ಹೆಚ್ಚಿನವರು ಉಳಿಯುತ್ತಿರಲಿಲ್ಲ. ಸುಲಿದ ಮೈಯಿಂದ ನೀರು ಮತ್ತು ಪ್ರೋಟೀನು ಸೋರಿಹೋಗುತ್ತಿತ್ತು, ಸೋಂಕು ಒಳಹೊಗುತ್ತಿತ್ತು, ಬಾಯಿಯಿಂದ ಅನ್ನ ಇಳಿಯುತ್ತಿರಲಿಲ್ಲ.

ವಾರ್ಡಿನಲ್ಲಿ ಅಮ್ಮನಿಗೆ ಕೊಟ್ಟ ಹಾಸಿಗೆ ನೋಡಿ ಅವಳಿಗೇ ನಗು ಬಂತು. ಬಾಳೆ ಎಲೆ ಹಾಸಿದ್ದರು. ಹತ್ತಿ ಬಟ್ಟೆ ಹಸಿ ಗಾಯಕ್ಕೆ ಅಂಟಿಕೊಂಡು, ಎಬ್ಬಿಸುವಾಗ ಇನ್ನಷ್ಟು ಚರ್ಮವನ್ನು ಕಿತ್ತುಕೊಂಡು ಬರುತ್ತದೆ. ಬಾಳೆ ಎಲೆಯ ನುಣುಪು ಮೈ ಅಂಟುವುದಿಲ್ಲ, ತಂಪೂ ಹೌದು, ಅಗ್ಗವೂ ಹೌದು. ಸುಟ್ಟಗಾಯದ ವಾರ್ಡುಗಳಲ್ಲೂ ನಮ್ಮ ದೇಶದ ಹಲವೆಡೆ ಇದನ್ನು ಬಳಸುತ್ತಾರೆ. ಸೋಂಕು ತಗುಲದಂತೆ ಶುದ್ಧಮಾಡಿದ ಎಲೆಗಳನ್ನು ನಡುದಿಂಡು ತೆಗೆದು, ಅಂಚಿಗೆ ಅಂಚು ಕೂಡಿಸಿ ಹಾಸಬೇಕು. "ಊಟಕ್ಕೆ ಹಾಕೋ ಎಲೆ ಮೇಲೆ ನಾನೇ ಮಲಗ್ದೆ" ಎಂದು ಅಮ್ಮ ಪಕ್ಕದ ಹಾಸಿಗೆಯವರಿಗೆ ಹೇಳಿಕೊಂಡು, ತುಟಿ ಬಿರಿದು ನೋವಾದರೂ ನಕ್ಕಳು. ಬೆಳಿಗ್ಗೆ ಪರ್ಮಾಂಗನೇಟ್ ಬೆರೆಸಿದ ನಸುಗುಲಾಬಿ ನೀರಿನಲ್ಲಿ ಮೈ ತೊಳೆಯುವುದು. ದಿನಕ್ಕೆ ನಾಲ್ಕು ಬಾರಿ ಸ್ಟಿರಾಯ್ಡ್ ಮಾತ್ರೆಯನ್ನು ನೀರಿನಲ್ಲಿ ಕರಗಿಸಿ ಬಾಯಿ ಮುಕ್ಕಳಿಸಿ ಉಗುಳುವುದು.

ಮುಖ್ಯ ಚಿಕಿತ್ಸೆಯನ್ನು ಅಲ್ಲಿ ಎಲ್ಲರೂ ಪಲ್ಸ್ ಎನ್ನುತ್ತಿದ್ದರು. "ನಿಮ್ಮದು ಎಷ್ಟನೇ ಪಲ್ಸು?" ಎಂಬುದು ಆ ವಾರ್ಡಿನಲ್ಲಿ ಊರು ಯಾವುದು ಎಂದು ಕೇಳಿದಷ್ಟೇ ಸಹಜ ಪ್ರಶ್ನೆ. ಇದು ಹೊರಗಿನಿಂದ ಬಂದ ವಿಧಾನವಲ್ಲ. 1980ರ ದಶಕದ ಆರಂಭದಲ್ಲಿ ದೆಹಲಿಯ ಏಮ್ಸ್‌ನಲ್ಲಿ ಡಾ. ಜೆ. ಎಸ್. ಪಸ್ರೀಚಾ ರೂಪಿಸಿ, 1984ರಲ್ಲಿ ಪ್ರಕಟಿಸಿದ್ದು. 100 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡನ್ನು ಅರ್ಧ ಲೀಟರ್ ಗ್ಲೂಕೋಸ್ ಡ್ರಿಪ್ಪಿನಲ್ಲಿ ಸುಮಾರು ಎರಡು ತಾಸು ಏರಿಸುತ್ತಾರೆ, ಸತತ ಮೂರು ದಿನ. ಎರಡನೆಯ ದಿನ ಅದರೊಂದಿಗೆ, ದೇಹದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸೈಕ್ಲೋಫಾಸ್ಫಮೈಡ್ 500 ಮಿಲಿಗ್ರಾಂ. ಮತ್ತೆ 28 ದಿನಕ್ಕೊಮ್ಮೆ ಅದೇ ಮೂರು ದಿನ. ನಡುವೆ ಪ್ರತಿದಿನ 50 ಮಿಲಿಗ್ರಾಂ ಸೈಕ್ಲೋಫಾಸ್ಫಮೈಡ್ ಮಾತ್ರೆ. ಪ್ರತಿದಿನ ಸ್ಟಿರಾಯ್ಡ್ ನುಂಗಿ ಮುಖ ಊದಿಸಿಕೊಂಡು, ಮೂಳೆ ಸವೆಸಿಕೊಂಡು ಬದುಕುವುದಕ್ಕೆ ಇದು ಬದಲಿಯಾಗಿ ಬಂದದ್ದು, ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲೂ ಮಾಡಬಹುದಾದಷ್ಟು ಕಡಿಮೆ ಖರ್ಚಿನದು. ಬೆಲೆ ಇಲ್ಲವೆಂದಲ್ಲ. ಸೈಕ್ಲೋಫಾಸ್ಫಮೈಡ್ ಮೂತ್ರಕೋಶವನ್ನು ಕೆರಳಿಸುತ್ತದೆ, ಬಿಳಿ ರಕ್ತಕಣ ಇಳಿಸುತ್ತದೆ, ಅಂಡಾಶಯವನ್ನು ಬತ್ತಿಸಿ ಮಕ್ಕಳಾಗುವ ಅವಕಾಶವನ್ನೇ ಕಸಿಯಬಲ್ಲದು. ಆದ್ದರಿಂದ ಇನ್ನೂ ಮಕ್ಕಳಾಗಬೇಕಾದವರಿಗೆ ಅದನ್ನು ಕೈಬಿಟ್ಟು ಬೇರೆ ಔಷಧ ಕೊಡುತ್ತಾರೆ. ಎದುರು ಹಾಸಿಗೆಯ ಇಪ್ಪತ್ತಾರರ ಹುಡುಗಿಗೆ ಆ ಮಾತನ್ನು ಹೇಳಿದ ದಿನ ವಾರ್ಡಿನಲ್ಲಿ ಯಾರೂ ಜೋರಾಗಿ ಮಾತನಾಡಲಿಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಹೆಚ್ಚಾಗಿ ಐವತ್ತು ಅರವತ್ತು ದಾಟಿದವರಿಗೆ ಬರುವ ಈ ಕಾಯಿಲೆ ನಮ್ಮಲ್ಲಿ ಮೂವತ್ತು ನಲವತ್ತರವರನ್ನೂ ಸಾಕಷ್ಟು ಹಿಡಿಯುತ್ತದೆ.

ಅದೇ ವಾರ್ಡಿನ ಆಚೆ ತುದಿಯಲ್ಲಿ ಎಪ್ಪತ್ತೈದು ದಾಟಿದ ಅಜ್ಜರೊಬ್ಬರಿದ್ದರು. ಅವರ ಗುಳ್ಳೆಗಳು ಒಡೆಯದೆ ದ್ರಾಕ್ಷಿಯಂತೆ ಬಿಗಿಯಾಗಿ ನಿಂತಿರುತ್ತಿದ್ದವು, ನೋವಿಗಿಂತ ತುರಿಕೆಯೇ ಹೆಚ್ಚು. ಅದು ಪೆಂಫಿಗಾಯ್ಡ್. ಅಲ್ಲಿ ಬಿರುಕು ಬಿಡುವುದು ಮೇಲ್ಪದರದ ನಡುವೆ ಅಲ್ಲ, ಇಡೀ ಮೇಲ್ಪದರದ ಅಡಿಯಲ್ಲಿ. ಚಾವಣಿ ದಪ್ಪವಾದ್ದರಿಂದ ಗುಳ್ಳೆ ಗಟ್ಟಿ. ಅವರ ಮಗನನ್ನು ಡಾಕ್ಟರು ಮೊದಲು ಕೇಳಿದ್ದು ಸಕ್ಕರೆ ಕಾಯಿಲೆಯ ಮಾತ್ರೆಯ ಹೆಸರನ್ನು. ವಿಲ್ಡಾಗ್ಲಿಪ್ಟಿನ್‌ನಂತಹ ಗ್ಲಿಪ್ಟಿನ್ ಗುಂಪಿನ ಮಾತ್ರೆಗಳಿಗೂ ಪೆಂಫಿಗಾಯ್ಡಿಗೂ ನಂಟಿರುವುದು ಈಗ ಚೆನ್ನಾಗಿ ಗೊತ್ತಿದೆ. ಹಾಗೆಂದು ಮಾತ್ರೆಯನ್ನು ಸ್ವಂತ ಬುದ್ಧಿಯಿಂದ ನಿಲ್ಲಿಸಬಾರದು. ಡಾಕ್ಟರಿಗೆ ಹೆಸರು ಹೇಳಬೇಕು, ಅಷ್ಟೇ. ಹುಟ್ಟಿನಿಂದಲೇ ಮುಟ್ಟಿದರೆ ಚರ್ಮ ಏಳುವ ಮಗುವೊಂದು ಎರಡು ದಿನ ಬಂದು ಹೋಯಿತು. ಎಪಿಡರ್ಮೊಲಿಸಿಸ್ ಬುಲೋಸಾ ಎಂಬ ಆ ಆನುವಂಶಿಕ ಕಾಯಿಲೆಯ ಬಗ್ಗೆ ಬೇರೆಯೇ ಬರೆಯಬೇಕು, ಇಲ್ಲಿ ತುರುಕಿದರೆ ಆ ತಾಯಿಗೆ ಅನ್ಯಾಯವಾದೀತು.

ಮನೆಗೆ ಬಂದ ಮೇಲೆ ಇನ್ನೊಂದು ಕಷ್ಟ ಕಾದಿತ್ತು. ನೋಡಲು ಬಂದವರು ಜಗಲಿಯಿಂದಲೇ ಮಾತಾಡಿಸಿ ಹೋಗುತ್ತಿದ್ದರು. ಕಾಫಿ ಕೊಟ್ಟರೆ, ಈಗಷ್ಟೇ ಕುಡಿದು ಬಂದೆವು ಎನ್ನುತ್ತಿದ್ದರು. ಪೆಂಫಿಗಸ್ ಅಂಟುವುದಿಲ್ಲ. ತಟ್ಟೆ, ಲೋಟ, ಸ್ಪರ್ಶ, ಗುಳ್ಳೆಯ ನೀರು, ಯಾವುದರಿಂದಲೂ ಇನ್ನೊಬ್ಬರಿಗೆ ಬರದು. ಇದನ್ನು ಎಷ್ಟು ಬಾರಿ ಹೇಳಿದರೂ ಗುಳ್ಳೆ ಎಂದರೆ ಸಿಡುಬಿನ ನೆನಪೇ ನಮ್ಮವರ ಮೈಯಲ್ಲಿ ಇನ್ನೂ ಇದೆ. ಚಿಕ್ಕಮ್ಮ ಒಬ್ಬಳು ಮಾತ್ರ ಬಂದವಳೇ ಅಮ್ಮನ ನೆತ್ತಿಯ ಹಕ್ಕಳೆಗೆ ಎಣ್ಣೆ ಹಾಕಿ, ಜಡೆಗಟ್ಟಿದ ಕೂದಲನ್ನು ಮಧ್ಯಾಹ್ನವಿಡೀ ಬಿಡಿಸಿದಳು.

ಪಲ್ಸ್‌ಗಳಿಂದ ಗಾಯ ಮಾಯಿತು, ಬಾಯಿ ಎಲ್ಲಕ್ಕಿಂತ ಕೊನೆಗೆ. ಔಷಧ ನಿಂತು ಒಂದೂವರೆ ವರ್ಷದ ಮೇಲೆ, 2019ರಲ್ಲಿ, ಕಾಯಿಲೆ ಮರಳಿತು. ಈ ಬಾರಿಯೂ ವಸಡಿನಲ್ಲೇ. ಆದರೆ ನಾವು ಹನ್ನೊಂದನೆಯ ದಿನಕ್ಕೆ ಘಾಟಿ ಇಳಿದಿದ್ದೆವು. ಆ ಹೊತ್ತಿಗೆ ರಿಟುಕ್ಸಿಮ್ಯಾಬ್ ಎಂಬ ಔಷಧದ ಮಾತು ಹೆಚ್ಚಾಗಿತ್ತು; ಮೊದಲು ರಕ್ತದ ಒಂದು ಬಗೆಯ ಕ್ಯಾನ್ಸರಿಗೆ ಬಂದದ್ದು, ಪೆಂಫಿಗಸ್‌ಗೆ ಅಮೆರಿಕದಲ್ಲಿ 2018ರಲ್ಲಿ ಅನುಮತಿ ಪಡೆದದ್ದು. ಅದೂ ಒಂದು ಪ್ರತಿಕಾಯವೇ. ತಪ್ಪು ಪ್ರತಿಕಾಯ ತಯಾರಿಸುವ ಬಿ ಜೀವಕೋಶಗಳ ಗುಂಪನ್ನೇ ಅದು ಬರಿದು ಮಾಡುತ್ತದೆ. ಹೈದರಾಬಾದಿನ ಡಾ. ರೆಡ್ಡೀಸ್ 2007ರಲ್ಲೇ ಅದರ ದೇಶೀ ಆವೃತ್ತಿಯನ್ನು ಹೊರತಂದಿದ್ದರಿಂದ ಬೆಲೆ ಕೈಗೆಟುಕದಷ್ಟಿರಲಿಲ್ಲ, ಆದರೂ ಆ ವರ್ಷದ ಅಡಿಕೆ ದುಡ್ಡಿನಲ್ಲಿ ದೊಡ್ಡ ಪಾಲು ಅದಕ್ಕೇ ಹೋಯಿತು. ಹೆಪಟೈಟಿಸ್ ಬಿ ಮತ್ತು ಕ್ಷಯ ಇಲ್ಲವೆಂದು ಖಚಿತಪಡಿಸಿಕೊಂಡು, ಹದಿನೈದು ದಿನದ ಅಂತರದಲ್ಲಿ ಒಂದೊಂದು ಗ್ರಾಮಿನ ಎರಡು ಡ್ರಿಪ್ ಕೊಟ್ಟರು. ಈಗ ಅಮ್ಮ ಯಾವ ಮಾತ್ರೆಯನ್ನೂ ನುಂಗುವುದಿಲ್ಲ, ಕ್ಯಾಲ್ಸಿಯಂ ಬಿಟ್ಟರೆ. ದೀಪ ಹಚ್ಚಿದ ಮೇಲೆ ಮೊಬೈಲಿನ ಟಾರ್ಚ್ ಹಿಡಿದು, ಕನ್ನಡಿಯ ಮುಂದೆ ಬಾಯಿ ತೆರೆದು ಅಂಗುಳ ನೋಡಿಕೊಳ್ಳುವುದನ್ನು ಮಾತ್ರ ಒಂದು ದಿನವೂ ತಪ್ಪಿಸಿಲ್ಲ.

ಕಳೆದ ವರ್ಷ ಕೊಯ್ಲಿನ ಸಮಯದಲ್ಲಿ ಮೇಲಿನಮನೆಯ ಹೆಂಗಸೊಬ್ಬರು, ಎರಡು ತಿಂಗಳಿಂದ ಬಾಯಿಹುಣ್ಣು, ಖಾರ ತಿನ್ನಲು ಆಗುತ್ತಿಲ್ಲ ಎಂದರು. ಅಮ್ಮ ಮೆಟ್ಟುಗತ್ತಿ ಬಿಟ್ಟು ಎದ್ದು, ಅವರನ್ನು ಅಂಗಳದ ಬೆಳಕಿಗೆ ಕರೆದೊಯ್ದು ಬಾಯಿ ತೆರೆಸಿದಳು. "ಕೊಯ್ಲು ಮುಗೀಲಿ ಅಂತ ಕೂರ್ಬೇಡ, ಈ ವಾರವೇ ಹೋಗು. ತುಂಡು ತೆಗೀತಾರೆ, ಹೆದರ್ಬೇಡ. ಆದ್ರೆ ಹುಣ್ಣಿನ ನಡುವಿಂದ ತೆಗೆಯೋಕೆ ಬಿಡ್ಬೇಡ, ಅಂಚಿಂದ ತೆಗೀರಿ ಅನ್ನು. ಪಕ್ಕದ್ದು ಇನ್ನೊಂದು ತುಂಡು, ಅದನ್ನ ಫಾರ್ಮಲಿನ್‌ಗೆ ಹಾಕ್ಬಾರ್ದು." ಆಕೆ ಹೋದರು, ಎರಡು ತುಂಡೂ ಕೊಟ್ಟು ಬಂದರು. ವರದಿಯಲ್ಲಿ ಬಂದದ್ದು ಲೈಕನ್ ಪ್ಲೇನಸ್, ಪೆಂಫಿಗಸ್‌ನಷ್ಟು ಅಪಾಯದ್ದಲ್ಲ, ಹಚ್ಚುವ ಮುಲಾಮಿನಲ್ಲೇ ಹಿಡಿತಕ್ಕೆ ಬರುವಂಥದ್ದು, ಆದರೆ ಆಗಾಗ ತೋರಿಸಿಕೊಳ್ಳುತ್ತಿರಬೇಕು. ಸುದ್ದಿ ಕೇಳಿ ಅಮ್ಮ ದೇವರಿಗೆ ಕೈ ಮುಗಿದಳು. ಆಮೇಲೆ, ತಾನು ನೋಡಿ ಹೇಳಿದ್ದು ತಪ್ಪಾಯಿತಲ್ಲ ಎಂದು ಸ್ವಲ್ಪ ಮುಖ ಚಿಕ್ಕದು ಮಾಡಿಕೊಂಡಂತೆ ನನಗೆ ಕಂಡಿತು.